ಮೂರು ಸುತ್ತಿನ ಮಾತು

ಹರಿಗೋಲಿನಲ್ಲಿ ಕೂತು ಹೊಳೆ ದಾಟಿದವರು ಲಕ್ಷ ಜನ ಇದ್ದಾರು. ಹರಿಗೋಲನ್ನೇ ಚಕ್ಕಡಿಯ ಮೇಲೆ ಹೇರಿಕೊಂಡು, ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಗೆ, ಒಣ ಎರೆಹೊಲಗಳ ನಡುವೆ ಹೊರಟವರು ಮಾತ್ರ ಗೊಲ್ಲಾಳಪ್ಪ ಮತ್ತು ಮಾಳವ್ವ, ಈ ಗಂಡಹೆಂಡಿರಿಬ್ಬರೇ ಇರಬೇಕು. ಅರವತ್ತೊಂದನೆಯ ಇಸವಿ. ದೀಪಾವಳಿ ಮುಗಿದು ಬಿಳಿಜೋಳ ಮೊಣಕಾಲುದ್ದ ಎದ್ದಿತ್ತು. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಕುರ್ಪಿ ಕೆಳಗಿಟ್ಟು, ಹಣೆಗೆ ಕೈ ಹಚ್ಚಿ ನಿಂತು ನೋಡುತ್ತಿದ್ದರು. "ಹರಗೋಲ ಬಂತು, ಹೊಳಿ ಎಲ್ಲೈತ್ರಿ?" ಎಂದು ಒಬ್ಬ ಕೇಳಿದ್ದಕ್ಕೆ, ಚಕ್ಕಡಿ ಹೊಡೆಯುತ್ತಿದ್ದ ತಿಕೋಟಾದ ಗೈಬುಸಾಬ ಹಿಂದೆ ತಿರುಗದೆಯೇ, "ಹಿಂದ ಬರಾಕತ್ತೈತಿ, ಸರದ ನಿಂದರ್ರಿ" ಎಂದಿದ್ದ.

ಅವರ ದಂಡೆಯ ಪಕ್ಕದಲ್ಲಿ ಸೇತುವೆ ಎದ್ದು ಬಸ್ಸು ಓಡತೊಡಗಿತ್ತು. ಕಾಲು ಒದ್ದೆಯಾಗದೆ ಹೊಳೆ ದಾಟುವವನು ಅಂಬಿಗನನ್ನು ಯಾಕೆ ಕೂಗಿಯಾನು? ಕೃಷ್ಣೆಯ ದಂಡೆಯಲ್ಲಿ ಗೊಲ್ಲಾಳಪ್ಪನ ಸೋದರಮಾವನಿದ್ದ. ಅವನ ರಟ್ಟೆ ಸೋತಿತ್ತು, ಗಂಡುಮಕ್ಕಳಿರಲಿಲ್ಲ. "ಹರಗೋಲ ತಗೊಂಡು ಬಾ, ಇನ್ನ ಮ್ಯಾಲೆ ದಂಡಿ ನಿಂದ" ಎಂದು ಹೇಳಿ ಕಳಿಸಿದ್ದ. ಈ ಗಂಡಹೆಂಡಿರ ಒಬ್ಬಳೇ ಮಗಳು ಗಂಡನ ಮನೆ ಸೇರಿದ್ದಳು. ಹಿಂದೆ ಹಿಡಿದು ಎಳೆಯುವಂಥದ್ದು ಏನೂ ಇರಲಿಲ್ಲ, ಹೊರಟುಬಿಟ್ಟರು.

ವಿಜಾಪುರ ಮುಟ್ಟುವ ಹೊತ್ತಿಗೆ ಗೈಬುಸಾಬನ ಎಡಗಡೆಯ ಎತ್ತು ಕುಂಟತೊಡಗಿತು. ಗೋಳಗುಮ್ಮಟದ ಹತ್ತಿರ ಒಂದು ಬೇವಿನ ಮರದ ಕೆಳಗೆ ಅವನು ನೊಗ ಇಳಿಸಿ ಎತ್ತುಗಳ ಕೊಳ್ಳು ಹರಿದ. "ಇದನ್ನ ತಿಕೋಟಾದ ಮನಿಗೆ ಹೊಡಕೊಂಡ ಹೋಗಿ, ಬ್ಯಾರೆ ಎತ್ತ ತರತೇನ್ರಿ. ನಾಡದು ಮುಂಜಾನೆ ಬರತೇನಿ. ಅಲ್ಲೀ ತನಕಾ ನೀವಿಬ್ಬರೂ ಪಟ್ಟಣ ನೋಡ್ಕೊಂತ ಆರಾಮ ಇರ್ರಿ," ಎಂದು ಹೇಳಿ, ಎತ್ತುಗಳನ್ನು ಮೆಲ್ಲಗೆ ನಡೆಸಿಕೊಂಡು ಹೊರಟುಹೋದ.

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರಾಮ ಇರುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಂಬಿಗನ ಮನೆಯಲ್ಲಿ ಗಂಡ ನೀರಿನ ಮೇಲಿದ್ದರೆ ಹೆಂಡತಿ ದಂಡೆಯ ಮೇಲೆ. ಅವನು ಉಣ್ಣಲು ಬಂದರೆ, ಆ ದಂಡೆಯಿಂದ ಯಾರು ಕೂಗಿಯಾರೆಂದು ಅವಳು ಹೊಳೆಯ ಕಡೆ ಕಿವಿಗೊಟ್ಟು ನಿಲ್ಲಬೇಕು. ಮದುವೆಯಾಗಿ ಇಪ್ಪತ್ತು ಚಿಲ್ಲರೆ ವರ್ಷಗಳಾಗಿದ್ದರೂ ಒಂದು ಮಧ್ಯಾಹ್ನ ಇಬ್ಬರೂ ಒಂದೇ ನೆರಳಿನಲ್ಲಿ ಕೈಕಟ್ಟಿ ಕೂತದ್ದು ಅವರ ನೆನಪಿನಲ್ಲಿರಲಿಲ್ಲ.

ಚಕ್ಕಡಿಯ ಮೇಲೆ ಬೋರಲಾಗಿದ್ದ ಹರಿಗೋಲು ದೂರದಿಂದ ನೋಡಿದವರಿಗೆ ಗುಮ್ಮಟದ ಮರಿಯ ಹಾಗೆ ಕಾಣುತ್ತಿತ್ತು. ಶಾಲೆ ಬಿಟ್ಟ ಹುಡುಗರು ಹಾಗೆಯೇ ಕೂಗಿದರು. ಪಕ್ಕದಲ್ಲಿ ಚಹಾ, ಭಜಿ ಮಾರುತ್ತಿದ್ದ ಪೀರಾಂಬಿ ಎಂಬ ಮುದುಕಿ ಹುಡುಗರನ್ನು ಬೈದು ಓಡಿಸಿ, ತಾನೂ ಬಂದು ಹರಿಗೋಲಿನ ಬೆನ್ನು ತಟ್ಟಿ ನೋಡಿದಳು. "ಇದರಾಗ ಕುಂತು ನೀರ ಮ್ಯಾಲೆ ಹೋಗ್ತಾರೇನವ್ವಾ? ನನಗಂತೂ ನೋಡಿದ್ರ ಎದಿ ಧಸಕ್ಕ ಅಂತೈತಿ," ಎಂದಳು. ನನಗೂ ಹಾಗೇ ಆಗುತ್ತದೆ ಎನ್ನುವ ಮಾತು ಮಾಳವ್ವನ ತುದಿನಾಲಿಗೆಗೆ ಬಂದಿತ್ತು, ನುಂಗಿಕೊಂಡಳು.

ಸಂಜೆಯಾದ ಕೂಡಲೇ ಗೊಲ್ಲಾಳಪ್ಪ ಹಗ್ಗ ತಂದು ಹರಿಗೋಲನ್ನು ಬೇವಿನ ಮರಕ್ಕೆ ಬಿಗಿಯಾಗಿ ಕಟ್ಟಿದ. ಕಟ್ಟಿ ಮುಗಿದ ಮೇಲೆ ಅವನಿಗೇ ನಗು ಬಂತು.

"ಎಲ್ಲಿಗೆ ತೇಲಿ ಹೋಗತೈತ್ರಿ ಇದು?" ಎಂದಳು ಮಾಳವ್ವ.

"ಕೈ ಕೇಳಬೇಕಲ್ಲ. ಕಟ್ಟಲಿಲ್ಲಂದ್ರ ನಿದ್ದಿ ಬರಂಗಿಲ್ಲ."

ರಸ್ತೆಯಲ್ಲಿ ಟಾಂಗಾದವನೊಬ್ಬ ಯಾರನ್ನೋ "ಓಯ್" ಎಂದು ಕರೆದರೆ ಇವನು ಧಡಕ್ಕನೆ ಎದ್ದು "ಬಂದೆ, ಬಂದೆ" ಎನ್ನುತ್ತಿದ್ದ. ಪೀರಾಂಬಿ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಅವನು ಕಾಸಿದ ಕುಸುಬಿ ಎಣ್ಣೆಯ ಗಡಿಗೆ ತೆಗೆದು ಹರಿಗೋಲಿನ ತೊಗಲು ಬಿರಿಯದಂತೆ ಸುತ್ತಲೂ ಹಚ್ಚಿದ. ಎಣ್ಣೆ ಕಾಸುವಾಗಲೆಲ್ಲ ಅದು ಗಟ್ಟಿಯಾಗುವ ಮೊದಲೇ ಒಂದು ಬಟ್ಟಲು ಬೇರೆ ತೆಗೆದಿಡುವುದು ಅವನ ರೂಢಿ. ಅದು ಮಾಳವ್ವನ ಮೊಣಕಾಲಿಗೆ. ಅವತ್ತೂ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿದ. ಮಾಳವ್ವ ಗುಮ್ಮಟದ ಕಡೆ ಮುಖ ತಿರುಗಿಸಿ ಕೂತಳು. ಅವನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಯಾಕೆಂದರೆ ಅವಳ ಮೊಣಕಾಲಿಗೆ ಏನೂ ಆಗಿರಲಿಲ್ಲ, ಯಾವತ್ತೂ.

ಮಾಳವ್ವ ಮಮದಾಪುರದವಳು. ಜಾತಿಯಿಂದ ಅಂಬಿಗರೇ, ಆದರೆ ಅಜ್ಜನ ಅಪ್ಪನ ಕಾಲದಿಂದ ಹುಟ್ಟು ಬಿಟ್ಟು ಕೂರಿಗೆ ಹಿಡಿದು ಬೇಸಾಯಕ್ಕೆ ಇಳಿದವರು. ಊರ ಕೆರೆಯ ನೀರಿನಲ್ಲಿ ಎಮ್ಮೆ ಮೈ ತೊಳೆದು ಬೆಳೆದವಳಿಗೆ ಹೊಳೆ ಎಂದರೆ ಏನೆಂದು ಮದುವೆಯಾಗುವವರೆಗೆ ಗೊತ್ತಿರಲಿಲ್ಲ. ಮದುವೆಯ ಮರುದಿನ ಉಡಿ ತುಂಬಿ, ಹರಿಗೋಲಿನ ನಟ್ಟನಡುವೆ ಕೂರಿಸಿ, ಗೊಲ್ಲಾಳಪ್ಪ ಒಬ್ಬನೇ ಹುಟ್ಟು ಹಾಕುತ್ತ ಅವಳನ್ನು ನಡುಹೊಳೆಗೆ ಒಯ್ದಿದ್ದ. ಅದು ಅವರ ಪದ್ಧತಿ. ಅಂಬಿಗನ ಹೆಂಡತಿ ನಡುಹೊಳೆಗೆ ಹೋಗಿ ಗಂಗವ್ವನಿಗೆ ಕಾಯಿ ಬಿಟ್ಟು ಬಂದರೇ ದಂಡೆ, ಅಂದರೆ ಅಲ್ಲಿ ಹರಿಗೋಲು ಹಾಕುವ ಹಕ್ಕು, ಆ ಮನೆಯವರದು. ಇಲ್ಲದಿದ್ದರೆ ಒಬ್ಬನೂ ಅವರ ಹರಿಗೋಲು ಹತ್ತುವುದಿಲ್ಲ. ಅಷ್ಟು ಅವಳಿಗೆ ಹೇಳಿದ್ದರು. ಕಾಯಿ ಬಿಟ್ಟು ಕೈ ಮುಗಿಯುವಷ್ಟರಲ್ಲಿ ಹರಿಗೋಲು ಗರಗರ ತಿರುಗತೊಡಗಿತು. ದಂಡೆ, ಜನ, ಆಕಾಶ ಎಲ್ಲ ಒಂದಾಗಿ ಹೋದವು. ಮಾಳವ್ವ ಕಣ್ಣು ಮುಚ್ಚಿ ಚೀರಿದ್ದಳು. ಹೊಳೆ ತನ್ನನ್ನು ಬೇಡುತ್ತಿದೆ, ಗಂಡ ಅದರ ಕೂಡ ಗುದ್ದಾಡುತ್ತಿದ್ದಾನೆ ಎಂದುಕೊಂಡಿದ್ದಳು. ಹೇಗೋ ದಂಡೆ ಮುಟ್ಟಿದರು. ಅವತ್ತು ಕೆಳಗಿಳಿದವಳು ಮತ್ತೆ ಹರಿಗೋಲಿಗೆ ಕಾಲಿಡಲಿಲ್ಲ.

ಗಂಡ ಎಲ್ಲಿ ಕರೆದಾನೋ ಎಂದು ಅವನು ಬಾಯಿ ಬಿಡುವ ಮೊದಲೇ ಅವಳು ನೆವ ಹೇಳುತ್ತಿದ್ದಳು. ಒಲೆಯ ಮೇಲೆ ಅಂಬಲಿ ಇದೆ, ಆಡು ಈಯುವಂತಿದೆ, ಹೀಗೆ. ಕೊನೆಗೆ ಮೊಣಕಾಲು ಸಿಕ್ಕಿತು. ಹರಿಗೋಲಿನಲ್ಲಿ ಕಾಲು ಮಡಚಿಯೇ ಕೂರಬೇಕು, ಮಡಚಿದರೆ ಮೊಣಕಾಲು ಹಿಡಿಯುತ್ತದೆ. ನಡೆದರೆ ಏನೂ ಆಗುವುದಿಲ್ಲ. ಇಂಥ ಜಾಣ ಬ್ಯಾನಿ ಇಡೀ ಭೀಮಾತೀರದಲ್ಲಿ ಯಾರಿಗೂ ಇರಲಿಲ್ಲ. ಹೊಳೆಯ ಆಚೆ ದಂಡೆಯಲ್ಲಿ ದೊಡ್ಡ ಸಂತೆ ಕೂಡುತ್ತಿತ್ತು, ಅವಳು ಅದನ್ನು ಒಮ್ಮೆಯೂ ನೋಡಲಿಲ್ಲ.

ಈಗ ಹೊಸ ದಂಡೆ. ಕೃಷ್ಣೆಯ ನಡುಹೊಳೆಗೆ ಅವಳು ಮತ್ತೆ ಹೋಗಲೇಬೇಕು. ಅದಕ್ಕೇ ಅವಳು ಗುಟ್ಟಾಗಿ ಒಂದು ಹಂಚಿಕೆ ಹಾಕಿದ್ದಳು. ದಾರಿಯಲ್ಲಿ ಬಬಲೇಶ್ವರ ಸಿಗುತ್ತದೆ, ಅಲ್ಲಿ ಅಕ್ಕ ರೇಣವ್ವನ ಮನೆ ಇದೆ. ಮೊಣಕಾಲು ಬಾತಿದೆ ಎಂದು ಹೇಳಿ ಅಲ್ಲೇ ಇಳಿದುಬಿಡುವುದು. ಎರಡು ಸೀರೆ, ಒಂದು ಕುಬಸ ಬೇರೆ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ತಾನಿಲ್ಲದೆ ಅವನಿಗೆ ದಂಡೆ ಸಿಗುವುದಿಲ್ಲ ಎಂದು ಗೊತ್ತಿತ್ತು, ತಾನು ಆ ನೀರಿಗೆ ಹೋಗಲಾರೆ ಎಂದೂ ಗೊತ್ತಿತ್ತು. ಬೇವಿನ ಕೆಳಗೆ ಅವನು ಎಣ್ಣೆ ತಿಕ್ಕುತ್ತಿರುವಾಗ ಆ ಗಂಟು ಅವಳ ಬೆನ್ನ ಹಿಂದೆಯೇ ಇತ್ತು.

ಮರುದಿನ ಇಬ್ಬರೂ ಪಟ್ಟಣ ನೋಡಲು ಹೊರಟರು. ಹರಿಗೋಲು ಕಾಯಲು ಪೀರಾಂಬಿ ಇದ್ದಳು. ನಳದಲ್ಲಿ ಬರುವ ಭೂತನಾಳ ಕೆರೆಯ ನೀರನ್ನು ಗೊಲ್ಲಾಳಪ್ಪ ಬೊಗಸೆಯಲ್ಲಿ ಹಿಡಿದು ಕುಡಿದು, "ಸಪ್ಪಗೈತಿ, ಹರಿಯೂ ನೀರಿನ ರುಚಿ ಇಲ್ಲ" ಎಂದು ತೀರ್ಪು ಕೊಟ್ಟ. ಪೇಟೆಯಲ್ಲಿ ಮಾಳವ್ವನಿಗೆ ಹಸಿರು ಬಳೆ ಇಡಿಸಿದ. ಬಳೆಗಾರ ಅವಳ ಕೈ ಒತ್ತುವಾಗ ತಾನೇ ಮುಖ ಕಿವುಚಿಕೊಂಡು ನಿಂತಿದ್ದ. ಬಿಸಿಬಿಸಿ ಮಿರ್ಚಿಭಜಿ ತಿಂದರು, ಚಹಾ ಕುಡಿದರು, ಒಂದು ಕಟ್ಟೆಯ ಮೇಲೆ ಕೂತು ಹೋಗಿಬರುವ ಜನರನ್ನು ನೋಡಿದರು. ಯಾರೂ ಅವರನ್ನು ಕೂಗಲಿಲ್ಲ. ಮಾಳವ್ವನಿಗೆ ಎಷ್ಟೋ ವರ್ಷಗಳ ಮೇಲೆ ಹಗುರವೆನಿಸಿತು. ಆ ಹಗುರದಲ್ಲಿಯೇ ಅವಳು ಎಡವಟ್ಟು ಮಾಡಿಕೊಂಡಳು.

ಗುಮ್ಮಟ ಹತ್ತೋಣವೇ ಎಂದು ಅವನು ಕೇಳಿದಾಗ ಅವಳು ಹೂಂ ಅಂದಳು. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು, ಒಂದೊಂದೂ ಮೊಳದಷ್ಟು ಎತ್ತರ. ಮೇಲೇನಿದೆಯೋ ನೋಡುವ ಹಂಬಲದಲ್ಲಿ ಮಾಳವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದ್ದೇ ಹತ್ತಿದ್ದು. ಗೊಲ್ಲಾಳಪ್ಪ ಹಿಂದೆ ಬಿದ್ದ. ಒಳಗಿನ ಗ್ಯಾಲರಿಯಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಕೇಕೆ ಹಾಕುತ್ತಿದ್ದರು. ಒಂದೊಂದು ಕೇಕೆಯೂ ಹಲವು ಸಲ ಮರಳಿ ಬಂದು ಕಿವಿ ಗಡಚಿಕ್ಕುತ್ತಿತ್ತು. ಅಲ್ಲಿ ಪಿಸುಮಾತೂ ಕೇಳಿಸುತ್ತದಂತೆ ಎಂದು ಪೀರಾಂಬಿ ಹೇಳಿದ್ದಳು, ಆದರೆ ಇವರಿಗೆ ತಮ್ಮ ಉಸಿರೂ ಕೇಳಿಸಲಿಲ್ಲ. ಹೊರಗೆ ಮಾಳಿಗೆಗೆ ಬಂದು ಗಾಳಿಗೆ ನಿಂತರು. ಕೆಳಗೆ ಬೇವಿನ ಮರ, ಅದರ ಪಕ್ಕ ತಮ್ಮ ಹರಿಗೋಲು, ಬೋರಲು ಹಾಕಿದ ಬಟ್ಟಲಿನಷ್ಟು.

ಗೊಲ್ಲಾಳಪ್ಪ ಏದುಸಿರು ಬಿಡುತ್ತ ಅವಳ ಕಾಲಿನ ಕಡೆ ನೋಡಿದ.

"ಮಾಳಿ, ನಿನ್ನ ಮಣಕಾಲ?"

ಅವಳು ಸಿಕ್ಕಿಸಿದ್ದ ನೆರಿಗೆ ಕೆಳಗೆ ಬಿಟ್ಟಳು. ಈಗಲಾದರೂ ಗೋಡೆ ಹಿಡಿದು ಅಯ್ಯೋ ಎಂದು ಕೂರಬಹುದಿತ್ತು. ಅವನ ಅಂಗೈಗೆ ಮೆತ್ತಿಕೊಂಡಿದ್ದ ನಿನ್ನೆಯ ಎಣ್ಣೆಯ ಕರೆ ಕಾಣಿಸಿತು. ಇನ್ನು ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಮಣಕಾಲಿಗೆ ಏನೂ ಆಗಿಲ್ರಿ. ಎಂದೂ ಆಗಿದ್ದಿಲ್ಲ," ಎಂದಳು. "ನನಗ ಹೊಳಿ ಅಂದ್ರ ಅಂಜಿಕಿ. ಅವತ್ತ ನಡುಹೊಳಿಯಾಗ ಹರಗೋಲ ತಿರುಗಿತಲ್ಲ, ಹೊಳಿ ನನ್ನ ಎಳಿಯಾಕತ್ತಿತ್ತು, ನೀವು ಗುದ್ದಾಡಿ ಉಳಿಸಿದ್ರಿ. ಅವತ್ತಿಂದ ನೀರ ಕಂಡ್ರ ಕೈಕಾಲ ತಣ್ಣಗಾಗತಾವು. ಬಬಲೇಶ್ವರದಾಗ ಇಳದಬಿಡಬೇಕಂತ ಮಾಡಿದ್ದೆ. ನಿಮ್ಮನ್ನ ಒಬ್ಬರನ್ನ ಕಳಸಿ."

ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಬೈಗುಳ ಬರಲಿ ಎಂದು ಕಾಯ್ದಳು. ಬೈಗುಳ ಬರಲಿಲ್ಲ. ತಲೆಯೆತ್ತಿ ನೋಡಿದರೆ ಗೊಲ್ಲಾಳಪ್ಪ ಬಾಯಿ ತೆರೆದು ನಿಂತಿದ್ದ.

"ಗುದ್ದಾಡಿದೆನಾ? ಯಾರು, ನಾನಾ?"

"ಮತ್ತ ಯಾರ್ರಿ?"

"ಲೇ ಮಾಳಿ, ಹರಗೋಲ ತಿರುಗಿಸಿದಾವ ನಾನ ಬೇ."

"ಏನಂದಿ?" ಎಂದಳು ಮಾಳವ್ವ. ಗಂಡನನ್ನು ಏಕವಚನದಲ್ಲಿ ಕರೆದದ್ದು ಅವಳ ಗಮನಕ್ಕೂ ಬರಲಿಲ್ಲ.

"ಹೊಸ ಹೆಂಡ್ತೀನ ನಡುಹೊಳಿಗೆ ಒಯ್ದು ಮೂರ ಸುತ್ತ ತಿರುಗಿಸಬೇಕು. ಒಂದೊಂದ ಸುತ್ತಿಗೆ ಒಂದೊಂದ ಮಾತ ಕೊಡಬೇಕು. ನಮ್ಮಪ್ಪ ನಮ್ಮವ್ವನ್ನ ಹಂಗ ತಿರುಗಿಸಿದ್ದ. ಅಂಬಿಗರ ಮನಿಯಾಗ ಸಣ್ಣ ಹುಡಿಗ್ಯಾರಿಗೂ ಗೊತ್ತಿರತೈತಿ. ನಿನಗ ಯಾರೂ ಹೇಳಿದ್ದಿಲ್ಲೇನ?"

ಕಾಯಿ ಬಿಡುವುದೊಂದನ್ನು ಬಿಟ್ಟು ಯಾರೂ ಏನೂ ಹೇಳಿರಲಿಲ್ಲ. ತವರಿನವರಿಗೆ ಮರೆತುಹೋಗಿತ್ತು. ಅಂಬಿಗರ ಹುಡುಗಿಗೆ ಅಂಬಿಗರ ಪದ್ಧತಿ ಹೇಳುವುದೇನಿದೆ ಎಂದು ಗಂಡನ ಮನೆಯವರು ಬಿಟ್ಟಿದ್ದರು.

"ನಾ ಚೀರಿದ್ದು ಕೇಳಸಲಿಲ್ಲೇನ ನಿನಗ?"

"ದಂಡಿ ಮ್ಯಾಲೆ ಹಲಗಿ ಬಾರಸಾಕತ್ತಿದ್ರಲ್ಲ. ಕಣ್ಣ ಮುಚ್ಚಿದ್ದು ಕಂಡಿತ್ತು. ಹುಡುಗಿ ಭಕ್ತೀಲೆ ಮುಚ್ಚ್ಯಾಳ ಅನಕೊಂಡಿದ್ದೆ."

ಮಾಳವ್ವನಿಗೆ ಮೊದಲು ಬಂದದ್ದು ಸಿಟ್ಟು. ಹಸಿರು ಬಳೆ ಒಡೆದುಹೋಗುತ್ತವೆ ಎಂದು ನೋಡದೆ ಅವನ ತೋಳಿಗೆ ಒಂದು ಗುದ್ದಿದಳು. ಅಳು ಬಂತು, ಅಳುತ್ತಿರುವಾಗಲೇ ನಗು ಬಂತು. ನಗು ಬಂದ ಮೇಲೆ ನಿಲ್ಲಲೇ ಇಲ್ಲ. ಮಾಳಿಗೆಯ ಮೇಲಿದ್ದ ಪ್ರವಾಸಿಗಳು ಈ ನಡುವಯಸ್ಸಿನ ಹೆಂಗಸಿಗೆ ಏನಾಯಿತೆಂದು ನೋಡಿದರು. ಹೊಳೆ ಅವಳನ್ನು ಬೇಡಿರಲೇ ಇಲ್ಲ. ಪಾಪ, ಹೊಳೆ ತನ್ನ ಪಾಡಿಗೆ ತಾನು ಹರಿದುಕೊಂಡಿತ್ತು. ಎದೆಯ ಮೇಲೆ ಕೂತಿದ್ದ ಬೀಸುವಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟ ಹಾಗಾಯಿತು ಅವಳಿಗೆ.

"ಹಂಗಾದ್ರ, ಏನ ಮಾತ ಕೊಟ್ಟಿದ್ರಿ?" ಎಂದು ಕಣ್ಣೊರೆಸಿಕೊಂಡು ಕೇಳಿದಳು.

ಗೊಲ್ಲಾಳಪ್ಪ ಅಡ್ಡಡ್ಡ ತಲೆಯಾಡಿಸಿದ. "ನೀರ ಮ್ಯಾಲೆ ಕೊಟ್ಟ ಮಾತು. ನೆಲದ ಮ್ಯಾಲೆ ಹೇಳಬಾರದು."

ಅವನು ಹಟಮಾರಿ. ಕೆಳಗಿಳಿಯುವಾಗ ಕೇಳಿದಳು, ಪೀರಾಂಬಿಯ ಅಂಗಡಿಯಲ್ಲಿ ಭಜಿ ತಿನ್ನುವಾಗ ಕೇಳಿದಳು, ಅವನು ಬಾಯಿ ಬಿಡಲಿಲ್ಲ. ಸಂಗತಿಯೆಲ್ಲ ಕೇಳಿ ತಿಳಿದ ಪೀರಾಂಬಿ, "ನೀರ ಮ್ಯಾಲೆ ಅಂದ್ರ ನೀರ ಮ್ಯಾಲೆ ನಿಂದರಸಿ ಕೇಳವ್ವಾ," ಎಂದು ಉಪಾಯ ಹೇಳಿಕೊಟ್ಟಳು. ಮಾಳವ್ವ ಹೌದೆಂದು ಎದ್ದು ತಂಬಿಗೆಯ ನೀರನ್ನು ಗಂಡನ ಕಾಲಬುಡದಲ್ಲಿ ಸುರಿದು, "ಈಗ ಹೇಳ್ರಿ" ಎಂದಳು. ಅವನು ಕೆಸರಾದ ಕಾಲು ಎತ್ತಿ ನೋಡಿಕೊಂಡು, "ನಳದ ನೀರು, ಇದು ನಡಿಯಂಗಿಲ್ಲ" ಎಂದ. ನೀರು ದಂಡವಾಯಿತಲ್ಲ ಎಂದು ಪೀರಾಂಬಿ ಇಬ್ಬರನ್ನೂ ಬೈದಳು.

ಅವತ್ತು ಸಂಜೆ ಮಾಳವ್ವ ಬೇರೆ ಕಟ್ಟಿದ್ದ ಗಂಟು ಬಿಚ್ಚಿ, ಎರಡು ಸೀರೆ, ಕುಬಸ ಮೂರನ್ನೂ ಗಂಡನ ಧೋತರದ ಜೊತೆ ಟ್ರಂಕಿಗೆ ಹಾಕಿದಳು. ಅಂಜಿಕೆ ಪೂರ್ತಿ ಹೋಗಿತ್ತೆಂದಲ್ಲ. ಇಪ್ಪತ್ತು ವರ್ಷ ಮನೆ ಮಾಡಿಕೊಂಡಿದ್ದ ಅಂಜಿಕೆ ಒಂದು ಮಾತಿಗೆ ಎದ್ದು ಹೋಗುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದಾದ ಒಂದು ಕುತೂಹಲ ಅವಳನ್ನು ಹಿಡಿದಿತ್ತು.

ಹೇಳಿದ ಹಾಗೆ ಗೈಬುಸಾಬ ಬಂದ. ಹೊಸ ಎತ್ತಿನ ಜೊತೆ ಮನೆಯಿಂದ ರೊಟ್ಟಿಯ ಗಂಟನ್ನೂ ತಂದಿದ್ದ. ಪೀರಾಂಬಿ ಚಹಾ ಕುಡಿಸಿ ಕಳಿಸಿದಳು. ಬಬಲೇಶ್ವರದಲ್ಲಿ ರೇಣವ್ವ ಒಂದೆರಡು ದಿನ ಇದ್ದು ಹೋಗು ಎಂದು ತಂಗಿಯ ಕೈ ಹಿಡಿದಳು. ಮಾಳವ್ವ ಊಟ ಮಾಡಿ, ಕೈ ಬಿಡಿಸಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಚಕ್ಕಡಿಯಲ್ಲಿ ಕೂತಳು.

ಮಮದಾಪುರದ ಕೆರೆ ಕಂಡ ಕೂಡಲೇ, "ಇಲ್ಲೇ ಇಳಸ್ರಿ" ಎಂದಳು.

"ಇದು ಹೊಳಿ ಅಲ್ಲ," ಎಂದ ಗೊಲ್ಲಾಳಪ್ಪ.

"ನಳದ ನೀರೂ ಅಲ್ಲ. ನಮ್ಮೂರ ನೀರು. ಹರಗೋಲದ ಒಣಗಿದ ತೊಗಲಾದ್ರೂ ತೊಯ್ಯಲಿ."

ಗೊಲ್ಲಾಳಪ್ಪ ಚಕ್ಕಡಿಯಿಂದ ಇಳಿದು ಹಗ್ಗ ಬಿಚ್ಚಿದ. ಗೈಬುಸಾಬನೂ ಅವನೂ ಸೇರಿ ಹರಿಗೋಲನ್ನು ಇಳಿಸಿ, ಅಂಗಾತ ಮಾಡಿ, ಕೆರೆಗೆ ನೂಕಿದರು. ಮಾಳವ್ವ ದಂಡೆಯ ಕಲ್ಲಿನ ಮೇಲೆ ನಿಂತು ಒಂದು ಕಾಲು ಎತ್ತಿದಳು, ಇಳಿಸಿದಳು. ಕೈಕಾಲು ತಣ್ಣಗಾಗಿದ್ದವು. ಗೊಲ್ಲಾಳಪ್ಪ ಹುಟ್ಟು ಹಿಡಿದು ಸುಮ್ಮನೆ ನಿಂತಿದ್ದ. ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳು ಉಸಿರು ಬಿಗಿಹಿಡಿದು ಒಳಗೆ ಹೆಜ್ಜೆಯಿಟ್ಟು, ನಟ್ಟನಡುವೆ ಕಾಲು ಮಡಚಿ ಕೂತಳು.

ಕೆರೆಯ ನಡುವೆ ಬಂದಾಗ, "ತಿರುಗಸ್ರಿ. ಹೇಳಿ ತಿರುಗಸ್ರಿ," ಎಂದಳು.

"ಇದು ಒಂದನೇದು," ಎಂದು ಅವನು ಹುಟ್ಟು ಒತ್ತಿದ. ಹರಿಗೋಲು ಮೆಲ್ಲಗೆ ತಿರುಗಿತು. ಮಾಳವ್ವ ಅಂಚು ಹಿಡಿದು ಕೂತಿದ್ದಳು, ಕಣ್ಣು ಮಾತ್ರ ಮುಚ್ಚಲಿಲ್ಲ. ಊರು, ಕೆರೆಯ ಏರಿ, ಜಾಲಿಮರ, ಚಕ್ಕಡಿ, ಗೈಬುಸಾಬ, ಮತ್ತೆ ಊರು. "ಉಂಡ್ರ ಇಬ್ಬರೂ ಉಣ್ಣೂನು, ಉಪಾಸ ಇದ್ರ ಇಬ್ಬರೂ ಇರೂನು."

ಎರಡನೆಯ ಸುತ್ತು. "ನೀರ ಏರಿದ ದಿನ ಹುಟ್ಟ ಬಿಟ್ಟೇನು, ನಿನ್ನ ಕೈ ಬಿಡಂಗಿಲ್ಲ."

ಮೂರನೆಯ ಸುತ್ತಿಗೆ ಅವನ ಧ್ವನಿ ಸಣ್ಣದಾಯಿತು. "ನೀರು ನನ್ನ ಪಾಲು, ದಂಡಿ ನಿನ್ನ ಪಾಲು. ಕಾಯಿ ಬಿಟ್ಟು ದಂಡಿ ಹಿಡಿಯೂ ದಿನ ಒಂದ ಬಿಟ್ಟು, ಎಂದೂ ನಿನ್ನ ನೀರಿಗೆ ಬಾ ಅಂತ ಕರಿಯಂಗಿಲ್ಲ. ನೀನಾಗಿ ಬಂದ್ರ ಬಾ."

ಹರಿಗೋಲು ನಿಂತಿತು. ಮಾಳವ್ವನಿಗೆ ಅಂಬಲಿಯ ನೆವ, ಆಡಿನ ನೆವ, ಮೊಣಕಾಲು ಎಲ್ಲ ಒಂದೊಂದಾಗಿ ನೆನಪಾದವು. ಅವನು ಎಲ್ಲಿ ಕರೆದಾನೋ ಎಂದು ಅವಳು ಹೆದರಿ ಹೆದರಿ ಮುಂದಾಗಿ ಹೇಳಿದ್ದೇ ಹೇಳಿದ್ದು. ಅವನು ಮಾತ್ರ ಅಷ್ಟು ವರ್ಷದಲ್ಲಿ ಒಂದು ದಿನವೂ ಕರೆದಿರಲಿಲ್ಲ.

"ಒಮ್ಮಿನೂ ಕರೀಲಿಲ್ಲಲ್ರಿ ನೀವು," ಎಂದಳು.

"ಮಾತ ಕೊಟ್ಟಿದ್ದೆನಲ್ಲ," ಎಂದ ಅವನು, ಅದರಲ್ಲೇನು ವಿಶೇಷ ಎನ್ನುವ ಹಾಗೆ. ಆಮೇಲೆ ಹುಟ್ಟು ತಿರುವಿ, ಅವರು ಹತ್ತಿದ ಕಲ್ಲಿನ ಕಡೆಗೆ ಹರಿಗೋಲನ್ನು ತಿರುಗಿಸತೊಡಗಿದ.

ಮಾಳವ್ವ ಅವನ ಹುಟ್ಟು ಹಿಡಿದು ನಿಲ್ಲಿಸಿದಳು. "ಆ ದಂಡಿಗೆ ನಡೀರಿ."

"ಅಲ್ಲೇನೈತಿ? ಬರೇ ಜಾಲಿಗಂಟಿ."

"ಇರಲಿ. ನಾ ಎಂದೂ ದಾಟಿಲ್ಲ."

ಗೊಲ್ಲಾಳಪ್ಪ ಅವಳ ಕೈಯಿಂದ ಹುಟ್ಟು ಬಿಡಿಸಿಕೊಂಡ. ಅವನ ಹರಿಗೋಲಿನಲ್ಲಿ ಊರಿಗೆ ಊರೇ ಹೊಳೆ ದಾಟಿತ್ತು, ಇವಳೊಬ್ಬಳನ್ನು ಬಿಟ್ಟು. "ಕಾಲ ಮಡಚಿ ಕುಂತೀದಿ, ಮಣಕಾಲ ಹಿಡದೀತ ನೋಡು" ಎಂದ. ಮಾಳವ್ವ ಕೆರೆಗೆ ಕೈ ಇಳಿಸಿ ಒಂದು ಬೊಗಸೆ ನೀರು ಅವನ ಮುಖಕ್ಕೆ ಎರಚಿದಳು. ಅವನು ಮುಖ ಒರೆಸಿಕೊಳ್ಳದೆಯೇ ಹುಟ್ಟು ಹಾಕುತ್ತ ಹರಿಗೋಲನ್ನು ಆಚೆ ದಂಡೆಗೆ ನಡೆಸಿದ.